ಅಜ್ಜಿಯರ ಕಾರಿನ ಗೇರ್‌ಬಾಕ್ಸ್‌ಗೆ ಇದೆಂಥ ಬಲ!

ಒಂದು ಪ್ರಶ್ನೆ. ಉತ್ತರ ಹೇಳುವ ಮುಂಚೆ ಚೆನ್ನಾಗಿ ಯೋಚಿಸಿ.

ಅಮೆರಿಕದಲ್ಲೊಂದು ಡ್ರ್ಯಾಗ್ ರೇಸ್. ಬಾಣದಂಥ ನೇರ ರಸ್ತೆ. ಉದ್ದ ಬರೀ 660 ಅಡಿ, ಅಂದರೆ 200 ಮೀಟರು ಚಿಲ್ಲರೆ. ನಿಂತಲ್ಲಿಂದ ಹೊರಟ ಕಾರು ಕೊನೆಯ ಗೆರೆ ದಾಟಲು ತೆಗೆದುಕೊಳ್ಳುವುದು ನಾಲ್ಕು ಸೆಕೆಂಡಿಗಿಂತ ಕಡಿಮೆ! ದಾಟುವಾಗ ವೇಗ ಗಂಟೆಗೆ 320 ಕಿ.ಮೀ. ಮೀರಿರುತ್ತದೆ! ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ರೇಸೇ ಮುಗಿದಿರುತ್ತದೆ.

ಈಗ ಹೇಳಿ. ಇಂಥ ಕಾರಿನಲ್ಲಿ ಮುಂದಕ್ಕೆ ಹೋಗಲು ಎಷ್ಟು ಗೇರ್ ಇರಬಹುದು?

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದು ತುಳಿದು ಸಾಕಾಗಿ ನೀವು ಕೊಂಡ ಆಟೊಮ್ಯಾಟಿಕ್ ಕಾರಿನಲ್ಲೇ ಆರೋ ಎಂಟೋ ಇರುತ್ತವೆ. ಹತ್ತು ಗೇರಿನ ಆಟೊಮ್ಯಾಟಿಕ್ ಕೂಡ ಮಾರುಕಟ್ಟೆಗೆ ಬಂದಾಗಿದೆ. ಹಾಗಾದರೆ ಈ ರಾಕ್ಷಸನಿಗೆ ಎಷ್ಟು? ಎಂಟು? ಹತ್ತು? ಹನ್ನೆರಡು?

ಎರಡು!

ಹೌದು, ಎರಡೇ ಎರಡು! ಅದೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್! ಇಂಥ ಹಲವು ಕಾರುಗಳ ಹೊಟ್ಟೆಯಲ್ಲಿ ಕೂತಿರುವುದು ಪವರ್‌ಗ್ಲೈಡ್ ಎಂಬ ವಿನ್ಯಾಸ. ಷೆವ್ರೊಲೆ ಕಂಪನಿ ಅದನ್ನು ಮೊದಲು ಮಾರುಕಟ್ಟೆಗೆ ತಂದದ್ದು ಯಾವಾಗ ಗೊತ್ತೆ? 1950ರ ಮಾಡೆಲ್‌ ಕಾರುಗಳಲ್ಲಿ! ನಮ್ಮ ಗಣರಾಜ್ಯದಷ್ಟೇ ವಯಸ್ಸು!

ಮೊದಲು ಅದನ್ನು ಯಾರಿಗಾಗಿ ಮಾಡಿದ್ದರೆಂದು ಕೇಳಿದರೆ ನೀವು ನಗುತ್ತೀರಿ. ರೇಸ್ ಓಡಿಸುವವರಿಗಲ್ಲ. ಕ್ಲಚ್ ತುಳಿಯುವುದು ಬೇಡಪ್ಪಾ ಎನ್ನುವ ಸಾಮಾನ್ಯ ಸಂಸಾರಸ್ಥರಿಗೆ! ಸಾಮಾನು ತರಲು, ಚರ್ಚಿಗೆ ಹೋಗಲು, ಮೊಮ್ಮಕ್ಕಳನ್ನು ಶಾಲೆಗೆ ಬಿಡಲು. ಅಮೆರಿಕದಲ್ಲಿ ಕಡಿಮೆ ಬೆಲೆಯ ಕಾರುಗಳ ಸಾಲಿನಲ್ಲಿ ಸಿಕ್ಕ ಮೊದಲ ಪೂರ್ಣ ಆಟೊಮ್ಯಾಟಿಕ್ ಅದು. ಜೊತೆಗಿದ್ದ ಆರು ಸಿಲಿಂಡರ್ ಎಂಜಿನ್ನಿನ ತಾಕತ್ತು 105 ಅಶ್ವಶಕ್ತಿ.

ಈ 105ನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ!

ಮೊದಮೊದಲ ಪವರ್‌ಗ್ಲೈಡ್ ಎಷ್ಟು ಸೋಮಾರಿಯಾಗಿತ್ತೆಂದರೆ, ಲಿವರನ್ನು 'ಡ್ರೈವ್'ಗೆ ಹಾಕಿದರೆ ಅದು ಗೇರನ್ನೇ ಬದಲಿಸುತ್ತಿರಲಿಲ್ಲ! ಹೊರಡುವುದೂ ಎರಡನೇ ಗೇರಿನಲ್ಲೇ, ಓಡುವುದೂ ಎರಡನೇ ಗೇರಿನಲ್ಲೇ. ಒಂದನೇ ಗೇರ್ ಬೇಕಿದ್ದರೆ ಕೈಯಿಂದ ಹಾಕಬೇಕಿತ್ತು. ತಾನಾಗಿ ಬದಲಿಸಲು ಕಲಿತದ್ದು 1953ರಲ್ಲಿ. ಅದೇ ವರ್ಷ ಹುಟ್ಟಿದ ಕಾರ್ವೆಟ್, ಅಮೆರಿಕದ ಆ ಹೆಮ್ಮೆಯ ಸ್ಪೋರ್ಟ್ಸ್ ಕಾರು, ಯಾವ ಗೇರ್‌ಬಾಕ್ಸ್‌ ಹೊತ್ತು ಬಂತು? ಊಹಿಸಿ! ಆ ವರ್ಷ ತಯಾರಾದ 300 ಕಾರ್ವೆಟ್‌ಗಳಲ್ಲಿ ಮುನ್ನೂರಕ್ಕೆ ಮುನ್ನೂರೂ ಇದೇ ಎರಡು ಗೇರಿನ ಪವರ್‌ಗ್ಲೈಡ್! ಸ್ಪೋರ್ಟ್ಸ್ ಕಾರಿನ ಅಭಿಮಾನಿಗಳು ಮೂಗು ಮುರಿದರು. 'ಸ್ಲಿಪ್ ಅಂಡ್ ಸ್ಲೈಡ್ ಪವರ್‌ಗ್ಲೈಡ್' ಎಂದು ಆಡಿಕೊಂಡವರೂ ಇದ್ದರು. ಎರಡೇ ಗೇರಾದರೆ ಕಾರು ಜಾರುತ್ತಾ ತೆವಳುತ್ತದೆ ಅಂತ!

ಅದೇ ಕೊರತೆ ಮುಂದೆ ಅದರ ಶಕ್ತಿಯಾಯಿತು. ಹೇಗೆ? ಬನ್ನಿ, ಗೇರ್‌ಬಾಕ್ಸ್ ಬಿಚ್ಚಿಯೇ ನೋಡೋಣ!

ಒಳಗೆ ಏನಿದೆ? ಪ್ಲಾನೆಟರಿ ಗೇರ್‌ಗಳ ಒಂದೇ ಒಂದು ಜೋಡಣೆ. ನಡುವೆ ಸೂರ್ಯ, ಸುತ್ತ ಗ್ರಹಗಳು, ಅವುಗಳಾಚೆ ಒಂದು ಬಳೆ. ಇದರ ಚೆಂದ ಏನೆಂದರೆ, ಹಲ್ಲುಗಳು ಒಂದನ್ನೊಂದು ಬಿಡುವುದೇ ಇಲ್ಲ! ಗೇರ್ ಬದಲಿಸುವುದೆಂದರೆ ಯಾವುದೋ ಒಂದು ಭಾಗವನ್ನು ಅಲುಗದಂತೆ ಹಿಡಿಯುವುದು ಅಥವಾ ಹಿಡಿದದ್ದನ್ನು ಬಿಡುವುದು. ಅಷ್ಟೇ!

ಒಂದನೇ ಗೇರಿಗೆ ಬೇಕಾದದ್ದು ಒಂದು ಉಕ್ಕಿನ ಪಟ್ಟಿ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದಿರುತ್ತಾರಲ್ಲ, ಹಾಗೆ ಗೇರಿಗೆ ಸೇರಿಕೊಂಡ ಒಂದು ಡ್ರಮ್ಮಿನ ಸುತ್ತ ಕೂತಿರುತ್ತದೆ. ಎಣ್ಣೆಯ ಒತ್ತಡ ಬಂತೋ, ಪಟ್ಟಿ ಬಿಗಿಯಿತು, ಡ್ರಮ್ ನಿಂತಿತು, ಒಂದನೇ ಗೇರ್ ಬಿತ್ತು!

ಎರಡನೆಯದು ಇನ್ನೂ ಅದ್ಭುತ. ಪಟ್ಟಿ ಸಡಿಲಾಗುತ್ತದೆ, ಕ್ಲಚ್ ಪ್ಲೇಟುಗಳು ಕಚ್ಚಿಕೊಳ್ಳುತ್ತವೆ, ಸೂರ್ಯ ಗ್ರಹ ಬಳೆ ಎಲ್ಲವೂ ಬೆಸೆದುಕೊಂಡು ಒಂದೇ ಮುದ್ದೆಯಾಗಿ ತಿರುಗುತ್ತವೆ. ಗಮನಿಸಿದಿರಾ? ಆಗ ಹಲ್ಲಿನ ಮೇಲೆ ಹಲ್ಲು ಉರುಳುವುದೇ ಇಲ್ಲ! ಒಳಬರುವ ಶಾಫ್ಟ್ ಎಷ್ಟು ಸುತ್ತೋ ಹಿಂದಿನ ಶಾಫ್ಟೂ ಅಷ್ಟೇ ಸುತ್ತು. ಹಲ್ಲು ಉಜ್ಜಿ ಹಾಳಾಗುವ ಶಕ್ತಿ ಅಲ್ಲಿ ಇಲ್ಲ!

ಹೆಚ್ಚು ಗೇರ್ ಇದ್ದಷ್ಟೂ ಹೆಚ್ಚು ಡ್ರಮ್, ಹೆಚ್ಚು ಕ್ಲಚ್, ಹೆಚ್ಚು ವಾಲ್ವ್. ಸುಮ್ಮನೆ ಸುತ್ತುವ ಭಾರವೂ ಹೆಚ್ಚು. ಮುರಿಯುವ ಜಾಗಗಳೂ ಹೆಚ್ಚು! ಪವರ್‌ಗ್ಲೈಡ್‌ನಲ್ಲಿ ಮುರಿಯಲು ಭಾಗಗಳೇ ಕಡಿಮೆ. ಇದನ್ನು ಮೊದಲು ಕಂಡುಕೊಂಡ ರೇಸ್ ಮೆಕ್ಯಾನಿಕ್ ಆ ರಾತ್ರಿ ನಿದ್ದೆ ಮಾಡಿರಲಾರ!

ಆದರೆ ನಿಲ್ಲಿ. 105 ಅಶ್ವಶಕ್ತಿಗೆ ಹುಟ್ಟಿದ ಪೆಟ್ಟಿಗೆಗೆ ದೊಡ್ಡ ವಿ8 ಎಂಜಿನ್ ಕಟ್ಟಿದರೆ ಮೊದಲು ಸೋಲುವುದು ಯಾವುದು?

ಕ್ಲಚ್ ಪ್ಲೇಟ್! ಎಂಜಿನ್ ಕಿರುಚುತ್ತದೆ, ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರುತ್ತದೆ, ಕಾರು ಮಾತ್ರ ಇದ್ದಲ್ಲೇ ಮುಲುಗುತ್ತದೆ. ಪ್ಲೇಟುಗಳು ಜಾರುತ್ತಿವೆ ಎಂದರ್ಥ. ಕೆಂಪಗಿದ್ದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯುತ್ತದೆ. ಗೇಜ್ ಕಡ್ಡಿ ಎಳೆದು ಮೂಸಿದರೆ ಸಾಕು, ಮೆಕ್ಯಾನಿಕ್ ಮುಖ ಹುಳ್ಳಗಾಗುತ್ತದೆ. ಗೇರ್‌ಬಾಕ್ಸ್ ಇಳಿಸಲೇಬೇಕು!

ಪರಿಹಾರ? ಎಲ್ಲರೂ ಹೇಳುವುದು: ಇನ್ನೂ ಜೋರಾಗಿ ಒತ್ತಿ! ಒಂದಿಷ್ಟು ಮಟ್ಟಿಗೆ ಸರಿ. ಆದರೆ ಅದಕ್ಕಿಂತ ಜಾಣ ಉಪಾಯ ಇನ್ನೊಂದಿದೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಭೌತಶಾಸ್ತ್ರ ಇದು!

ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳನ್ನು ಒಂದು ಪಿಸ್ಟನ್ ಒತ್ತುತ್ತದೆ ಅನ್ನಿ. ಪ್ಲೇಟುಗಳ ಸಂಖ್ಯೆ ಐದರಿಂದ ಹತ್ತಕ್ಕೆ ಏರಿಸಿದರೆ, ಪ್ರತಿ ಪ್ಲೇಟಿಗೂ ಸಿಗುವ ಒತ್ತಡ ಅರ್ಧಕ್ಕೆ ಇಳಿಯುತ್ತದೆಯೇ?

ಇಲ್ಲ! ಒತ್ತಡ ಹಂಚಿ ಹೋಗುವುದೇ ಇಲ್ಲ! ಮೊದಲ ಪ್ಲೇಟಿನ ಮೇಲೆ ಬಿದ್ದ ಬಲ ಪೂರ್ತಿಯಾಗಿ ಹತ್ತನೆಯದನ್ನೂ ತಲುಪುತ್ತದೆ. ಪ್ಲೇಟು ಎರಡರಷ್ಟಾದರೆ ಹಿಡಿತವೂ ಎರಡರಷ್ಟು! ಎಣ್ಣೆಯ ಒತ್ತಡ ಒಂದು ಹನಿಯೂ ಏರಿಸಬೇಕಿಲ್ಲ! ಪುಕ್ಕಟೆ ಸಿಕ್ಕ ಬಲ! ಹಾಗಾಗಿ ಇಂದಿನ ರೇಸ್ ಪವರ್‌ಗ್ಲೈಡ್‌ಗೆ ಡ್ರಮ್ಮನ್ನೇ ಹೊಸದಾಗಿ ಕಡೆದು ಹತ್ತು ಪ್ಲೇಟು ಕೂರಿಸುತ್ತಾರೆ. ಸಾಲದ್ದಕ್ಕೆ ಒತ್ತಡವನ್ನೂ ಚದರ ಇಂಚಿಗೆ 200 ಪೌಂಡಿನ ಆಸುಪಾಸಿಗೆ ಏರಿಸುತ್ತಾರೆ.

ಇನ್ನೊಂದು ಸೋಜಿಗ. ಕಾರ್ಖಾನೆಯವರು ಗೇರ್ ಬದಲಾದದ್ದೇ ತಿಳಿಯಬಾರದೆಂದು ಕ್ಲಚ್ಚನ್ನು ಮೆತ್ತಗೆ ಹಿಡಿಸುತ್ತಾರೆ. ಕೂತವರಿಗೆ ಸುಖ. ಪ್ಲೇಟಿಗೆ? ಮೆತ್ತಗೆ ಹಿಡಿಯುವುದೆಂದರೆ ಹಿಡಿಯುವ ತನಕ ಜಾರುವುದು. ಜಾರಿದಷ್ಟೂ ಬಿಸಿ. ಬಲದ ಎಂಜಿನ್ ಹಿಂದೆ ಆ ಸುಖವೇ ವಿಷ! ಅದಕ್ಕೇ ಎಣ್ಣೆಯ ದಾರಿಗಳಿರುವ ವಾಲ್ವ್ ಬಾಡಿಯನ್ನು ತಿದ್ದಿ, ಮೆತ್ತಗಾಗಿಸುವ ಸ್ಪ್ರಿಂಗುಗಳ ಆಟ ಕಟ್ಟಿ, ಗೇರ್ ಒದ್ದ ಹಾಗೆ ಬೀಳುವಂತೆ ಮಾಡುತ್ತಾರೆ. ಬೆನ್ನಿಗೆ ಗುದ್ದು ಬಿದ್ದರೆ ಗೇರ್‌ಬಾಕ್ಸ್ ಹಾಳಾಯಿತು ಅಂದುಕೊಂಡಿದ್ದಿರಾ? ಇಲ್ಲಿ ಗುದ್ದು ಬಿದ್ದರೇ ಅದಕ್ಕೆ ಆಯುಷ್ಯ!

ಸರಿ, ಕ್ಲಚ್ ಗಟ್ಟಿಯಾಯಿತು. ಇನ್ನೇನು ಮುರಿಯುತ್ತದೆ?

ಎಂಜಿನ್ನಿನ ಬಲವನ್ನು ಒಳಗೆ ತರುವ ಇನ್‌ಪುಟ್ ಶಾಫ್ಟ್! ಕ್ಲಚ್ ಜಾರುತ್ತಿದ್ದಾಗ ಪಾಪ ಅದೇ ಶಾಫ್ಟನ್ನು ಕಾಪಾಡುತ್ತಿತ್ತು. ಈಗ ಕ್ಲಚ್ ಬಿಡುವುದಿಲ್ಲ ಅನ್ನುತ್ತದೆ, ಎಂಜಿನ್ ಬಿಡುವುದಿಲ್ಲ ಅನ್ನುತ್ತದೆ. ನಡುವೆ ಸಿಕ್ಕ ಶಾಫ್ಟ್ ಹಿಂಡಿಹೋಗಿ ತುಂಡಾಗುತ್ತದೆ! ಒಂದನ್ನು ಗಟ್ಟಿಮಾಡಿದರೆ ಪಕ್ಕದ್ದು ಮುರಿಯುತ್ತದೆ. ಗೇರ್‌ಬಾಕ್ಸ್ ಬಲಪಡಿಸುವ ಕೆಲಸವೆಲ್ಲ ಈ ಬೇಟೆಯೇ!

ಶಾಫ್ಟನ್ನು ಶೇಕಡ ಹತ್ತರಷ್ಟು ದಪ್ಪ ಮಾಡಿದರೆ ತಿರುಚುವ ಬಲವನ್ನು ಎಷ್ಟು ಹೆಚ್ಚು ತಡೆದೀತು, ಹೇಳಿ ನೋಡೋಣ. ಶೇಕಡ ಹತ್ತು? ಇಪ್ಪತ್ತು? ಮೂವತ್ತಮೂರು! ಬಲ ಏರುವುದು ದಪ್ಪದ ಘನದಲ್ಲಿ. ದಪ್ಪ ಎರಡರಷ್ಟಾದರೆ ಬಲ ಎಂಟರಷ್ಟು! ಜೊತೆಗೆ ಲೋಹವನ್ನೂ ಬದಲಿಸುತ್ತಾರೆ. 300ಎಂ ಎಂಬ ಉಕ್ಕು. ಅದನ್ನು ಬೇರೆಲ್ಲಿ ಬಳಸುತ್ತಾರೆ ಗೊತ್ತೆ? ವಿಮಾನದ ಲ್ಯಾಂಡಿಂಗ್ ಗೇರ್‌ಗೆ! ಟನ್ನುಗಟ್ಟಲೆ ತೂಕದ ವಿಮಾನ ರನ್‌ವೇಗೆ ಬಡಿದಾಗ ತಡೆದುಕೊಳ್ಳುವ ಉಕ್ಕು ಇಲ್ಲಿ ಹಿಡಿಗಾತ್ರದ ಶಾಫ್ಟಾಗಿ ಕೂತಿದೆ!

ಹಲ್ಲುಗಳ ಕಥೆ ಚಿಕ್ಕದು. ಮೂಲ ಗೇರಿನ ಹಲ್ಲು ಓರೆ. ಸದ್ದು ಕಡಿಮೆ, ಆದರೆ ಓರೆ ಹಲ್ಲು ಅಕ್ಕಪಕ್ಕಕ್ಕೆ ತಳ್ಳುತ್ತದೆ. ರೇಸಿನವು ನೇರ ಹಲ್ಲು. ಪಕ್ಕಕ್ಕೆ ತಳ್ಳುವುದಿಲ್ಲ, ಬದಲಿಗೆ ಸೈರನ್ ಹೊಡೆಯುತ್ತದೆ! ರೇಸಿಗೆ ಹೋದವರು ಆ ಕೂಗನ್ನು ಮರೆಯಲಾರರು.

ಇನ್ನು ಕವಚ. ಇಲ್ಲಿ ಸ್ವಲ್ಪ ಉಸಿರು ಬಿಗಿಹಿಡಿಯಿರಿ.

1970ರ ಮಾರ್ಚ್ 8. ಕ್ಯಾಲಿಫೋರ್ನಿಯದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್. ಗೆರೆಯ ಮೇಲೆ 'ಬಿಗ್ ಡ್ಯಾಡಿ' ಡಾನ್ ಗಾರ್ಲಿಟ್ಸ್, ಡ್ರ್ಯಾಗ್ ರೇಸಿನ ದೊಡ್ಡ ಹೆಸರು. ಕಾರಿನ ಹೆಸರು ಸ್ವಾಂಪ್ ರ‍್ಯಾಟ್ 13. ಅದರಲ್ಲಿದ್ದದ್ದು ಪವರ್‌ಗ್ಲೈಡ್ ಅಲ್ಲ, ಆದರೆ ಅದೂ ಎರಡು ಗೇರಿನ ಪ್ಲಾನೆಟರಿ ಪೆಟ್ಟಿಗೆಯೇ. ಆಗಿನ ಡ್ರ್ಯಾಗ್‌ಸ್ಟರ್‌ಗಳಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದೆ. ಗೇರ್‌ಬಾಕ್ಸ್ ಇದ್ದದ್ದು ಚಾಲಕನ ಕಾಲಬುಡದಲ್ಲೇ! ಹಸಿರು ದೀಪ ಬಂತು, ಕಾರು ಹೊರಟಿತು, ಗೇರ್‌ಬಾಕ್ಸ್ ಸಿಡಿಯಿತು. ಕಾರು ಎರಡು ಹೋಳಾಯಿತು. ಗಾರ್ಲಿಟ್ಸ್ ಬಲಪಾದದ ಮುಂಭಾಗ ಹೋಯಿತು.

ಆ ಮನುಷ್ಯ ರೇಸ್ ಬಿಟ್ಟರೆ? ಬಿಡಲಿಲ್ಲ! ಆಸ್ಪತ್ರೆಯ ಹಾಸಿಗೆಯ ಮೇಲೇ ಹೊಸ ಕಾರಿನ ಲೆಕ್ಕ ಹಾಕಿದರು. ಎಂಜಿನ್ನು, ಗೇರ್‌ಬಾಕ್ಸು ಎರಡೂ ಚಾಲಕನ ಬೆನ್ನ ಹಿಂದೆ! ಮರುವರ್ಷವೇ, 1971ರಲ್ಲಿ, ಆ ಕಾರು ತಂದು ಗೆದ್ದರು. ಆ ವರ್ಗದ ಕಾರುಗಳೆಲ್ಲ ಕ್ರಮೇಣ ಹಾಗೇ ಆದವು. ಒಂದು ಗೇರ್‌ಬಾಕ್ಸ್ ಸಿಡಿದು ಇಡೀ ಕ್ರೀಡೆಯ ರೂಪವೇ ತಿರುಗಿ ನಿಂತಿತು!

ಇಂದು ಈ ಅಪಾಯವನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಸಿಡಿದ ಚೂರು ಹೊರಬರದಂತೆ ತಡೆಯುವ ಕವಚಕ್ಕೆ ಎಸ್‌ಎಫ್‌ಐ 4.1 ಎಂಬ ಮಾನದಂಡವಿದೆ. ರೀಡ್ ರೇಸಿಂಗ್‌ನಂಥ ಕಂಪನಿಗಳು ಪವರ್‌ಗ್ಲೈಡ್‌ನ ಹೊರಪೆಟ್ಟಿಗೆಯನ್ನೇ ಹೊಸದಾಗಿ, ದಪ್ಪ ಗೋಡೆಯಲ್ಲಿ ಎರಕ ಹೊಯ್ಯುತ್ತವೆ. ಬಲಕ್ಕೆ ಕೊಡುವ ಹಣದಲ್ಲಿ ಮೊದಲ ರೂಪಾಯಿ ಇದಕ್ಕೇ ಹೋಗಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಎಂಜಿನ್ನಿಗೂ ಗೇರಿಗೂ ನಡುವೆ ಇನ್ನೊಬ್ಬ ಮಾಂತ್ರಿಕ ಇದ್ದಾನೆ. ಟಾರ್ಕ್ ಕನ್ವರ್ಟರ್! ಒಳಗೆ ಎಣ್ಣೆ ಎಸೆಯುವ ಒಂದು ಚಕ್ರ, ಆ ಎಣ್ಣೆ ಬಡಿದು ತಿರುಗುವ ಇನ್ನೊಂದು ಚಕ್ರ. ಎರಡರ ನಡುವೆ ಲೋಹದ ಕೊಂಡಿಯೇ ಇಲ್ಲ. ಸಾವಿರಾರು ಅಶ್ವಶಕ್ತಿ ದಾಟುವುದು ಬರೀ ಎಣ್ಣೆಯ ಮೇಲೆ! ಇದರ ಮೂಲ ಕಲ್ಪನೆಗೆ ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಯಾವ ವಾಹನಕ್ಕಾಗಿ? ಕಾರಿಗಲ್ಲ, ರೈಲಿಗೂ ಅಲ್ಲ. ಹಡಗಿಗೆ!

ಎರಡು ಚಕ್ರಗಳ ನಡುವೆ ಸ್ಟೇಟರ್ ಎಂಬ ಮೂರನೆಯದು ಕೂತು, ಮರಳಿ ಬರುವ ಎಣ್ಣೆಯ ದಿಕ್ಕು ತಿರುಗಿಸುತ್ತದೆ. ಅದರಿಂದ ಹೊರಡುವ ಗಳಿಗೆಯಲ್ಲಿ ತಿರುಚುಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ! ಎರಡೇ ಗೇರ್ ಹೇಗೆ ಸಾಕಾಗುತ್ತದೆ ಅನ್ನುವ ಗುಟ್ಟು ಇಲ್ಲೇ ಇದೆ. ಇಲ್ಲದ ಗೇರುಗಳ ಕೆಲಸವನ್ನು ಎಣ್ಣೆಯೇ ಮಾಡುತ್ತದೆ!

ಎಂಜಿನ್ ಬಲವಾದರೆ ಕನ್ವರ್ಟರ್‌ಗೂ ಸಂಕಟ. ಒಳಗಿನ ಒತ್ತಡಕ್ಕೆ ಉಕ್ಕಿನ ಚಿಪ್ಪೇ ಊದಿಕೊಳ್ಳುತ್ತದೆ! ಹಾಗೆ ಊದಿದ್ದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ತಳ್ಳಿ ಬೇರಿಂಗನ್ನೇ ತಿಂದುಹಾಕುತ್ತದೆ. ಗೇರ್‌ಬಾಕ್ಸಿನ ಕಾಯಿಲೆಗೆ ಎಂಜಿನ್ ಸಾಯುತ್ತದೆ! ಅದಕ್ಕೇ ಗಟ್ಟಿ ಉಕ್ಕಿನಲ್ಲಿ ಕಡೆದ ಚಿಪ್ಪು, ಒಳಗಿನ ರೆಕ್ಕೆಗಳಿಗೆ ಭದ್ರ ಬೆಸುಗೆ. ಬೋಲ್ಟ್ ಬಿಚ್ಚಿ ಸ್ಟೇಟರ್ ಬದಲಿಸಿಕೊಳ್ಳುವಂಥವೂ ಇವೆ.

ಈಗ ನನಗೆ ಅತಿ ಪ್ರಿಯವಾದ ಭಾಗ! ಟ್ರಾನ್ಸ್‌ಬ್ರೇಕ್!

ಡ್ರ್ಯಾಗ್ ರೇಸಿನಲ್ಲಿ ಹಸಿರು ದೀಪ ಬೀಳುವ ಮುಂಚೆಯೇ ಎಂಜಿನ್ ಆರ್ಭಟಿಸುತ್ತಿರಬೇಕು. ಆದರೆ ಕಾರು ಒಂದಿಂಚೂ ಅಲುಗಬಾರದು. ಮಾಮೂಲಿ ಬ್ರೇಕ್ ಈ ಬಲದ ಮುಂದೆ ನಿಲ್ಲುವುದಿಲ್ಲ, ಹಿಂದಿನ ಚಕ್ರ ಉರುಳಿಯೇಬಿಡುತ್ತದೆ. ಹಾಗಾದರೆ ಕಾರನ್ನು ಹಿಡಿಯುವವರು ಯಾರು? ಊಹಿಸಿ!

ಗೇರ್‌ಬಾಕ್ಸ್ ತಾನೇ ಹಿಡಿಯುತ್ತದೆ! ಒಂದನೇ ಗೇರ್ ಮತ್ತು ರಿವರ್ಸ್ ಗೇರ್ ಎರಡನ್ನೂ ಒಟ್ಟಿಗೆ ಹಾಕಿಬಿಡುತ್ತಾರೆ!

ಹೌದು, ಒಟ್ಟಿಗೆ! ಮುಂದಕ್ಕೂ ಹಿಂದಕ್ಕೂ ಏಕಕಾಲಕ್ಕೆ! ಮುಂದಿನ ಗೇರಿನ ಪಟ್ಟಿ ಬಿಗಿದಿದೆ, ರಿವರ್ಸಿನ ಕ್ಲಚ್ಚೂ ಕಚ್ಚಿದೆ. ಗೇರುಗಳಿಗೆ ತಿರುಗಲು ದಾರಿಯೇ ಉಳಿದಿಲ್ಲ. ಪೆಟ್ಟಿಗೆ ಬಂಡೆ! ಮಾಮೂಲಿ ಕಾರಿನಲ್ಲಿ ಆದರೆ ಭಯಂಕರ ಅನಾಹುತ ಅನ್ನಿಸುವ ಸ್ಥಿತಿಯನ್ನೇ ಇವರು ಉಪಾಯ ಮಾಡಿಕೊಂಡಿದ್ದಾರೆ!

ಆ ಗಳಿಗೆಯಲ್ಲಿ ಸಾವಿರಾರು ಆರ್‌ಪಿಎಂನಲ್ಲಿ ಎಂಜಿನ್ ಗರ್ಜಿಸುತ್ತಿದೆ. ಚಕ್ರಕ್ಕೆ ತಲುಪುತ್ತಿರುವ ಶಕ್ತಿ ಎಷ್ಟು? ಸೊನ್ನೆ! ಎಲ್ಲವೂ ಕನ್ವರ್ಟರ್‌ನ ಎಣ್ಣೆಗೆ ಬಿಸಿಯಾಗಿ ಇಳಿಯುತ್ತಿದೆ. ಹೆಚ್ಚು ಹೊತ್ತು ಹಿಡಿದರೆ ಎಣ್ಣೆಯ ಗತಿ ಮುಗಿದಂತೆ. ಚಾಲಕನ ಹೆಬ್ಬೆರಳು ಸ್ಟೀರಿಂಗಿನ ಪುಟ್ಟ ಗುಂಡಿಯ ಮೇಲಿದೆ. ಬೆರಳೆತ್ತಿದ! ಸೊಲೆನಾಯ್ಡ್ ಎಂಬ ವಿದ್ಯುತ್ ಕೀಲಿ ಚಟ್ ಎಂದಿತು, ರಿವರ್ಸ್ ಕ್ಲಚ್ಚಿನ ಎಣ್ಣೆ ಹೊರಗೆ ಸುರಿಯಿತು, ಬಂಧನ ಕಳಚಿತು. ಕಣ್ಣು ಮಿಟುಕಿಸುವುದಕ್ಕೂ ಸಮಯವಿಲ್ಲ, ಮುಂದಿನ ಚಕ್ರಗಳು ಗಾಳಿಯಲ್ಲಿ!

ಇಲ್ಲಿ ಎರಡು ಗೇರಿನ ಇನ್ನೊಂದು ವರ ಕಾಣುತ್ತದೆ. ಟರ್ಬೊ 400 ಎಂಬ ಮೂರು ಗೇರಿನ ಪ್ರಸಿದ್ಧ ಪೆಟ್ಟಿಗೆಯ ಒಂದನೇ ಗೇರ್ ತಿರುಚುಬಲವನ್ನು 2.48 ಪಟ್ಟು ಮಾಡುತ್ತದೆ. ಪವರ್‌ಗ್ಲೈಡ್‌ನದು 1.76 ಅಥವಾ 1.82 ಮಾತ್ರ. ಕಡಿಮೆಯಾಯಿತಲ್ಲ ಅನ್ನುವಿರಾ? ಇಷ್ಟು ದೊಡ್ಡ ಎಂಜಿನ್ನಿಗೆ ಕೊರತೆ ಇರುವುದು ಬಲಕ್ಕಲ್ಲ, ಟೈರಿನ ಹಿಡಿತಕ್ಕೆ! ಬಲ ಮಿತಿಮೀರಿದರೆ ಟೈರು ಹೊಗೆ ಕಾರುತ್ತಾ ನಿಂತಲ್ಲೇ ಸುತ್ತುತ್ತದೆ. ಮೆಲ್ಲನೆಯ ಒಂದನೇ ಗೇರ್ ಟೈರನ್ನು ರಸ್ತೆಗೆ ಅಂಟಿಸಿಡುತ್ತದೆ. ಆಮೇಲೆ ದಾರಿಯುದ್ದಕ್ಕೂ ಗೇರ್ ಬದಲಾಗುವುದು ಒಂದೇ ಒಂದು ಸಲ!

ಈಗ ಆ 105ನ್ನು ನೆನಪಿಸಿಕೊಳ್ಳಿ. ಇಷ್ಟೆಲ್ಲ ಬಲಪಡಿಸಿದ ಪವರ್‌ಗ್ಲೈಡ್ ಇಂದು ಎಷ್ಟು ಅಶ್ವಶಕ್ತಿ ತಡೆಯುತ್ತದೆ? 500? ಸಾವಿರ? ಎರಡು ಸಾವಿರ?

ಮೂರು ಸಾವಿರ! ಅದಕ್ಕೂ ಮೇಲೆ!

ಹುಟ್ಟಿದಾಗಿನ ಹೊರೆಯ ಸುಮಾರು ಮೂವತ್ತು ಪಟ್ಟು! ಲೆಕ್ಕ ಹಾಕಿ ನೋಡಿ: 7000 ಆರ್‌ಪಿಎಂನಲ್ಲಿ 3000 ಅಶ್ವಶಕ್ತಿ ಎಂದರೆ ಸುಮಾರು 3050 ನ್ಯೂಟನ್ ಮೀಟರ್ ತಿರುಚುಬಲ. ನಮ್ಮ ಸ್ವಿಫ್ಟ್ ಕಾರಿನ 1.2 ಲೀಟರ್ ಎಂಜಿನ್ ಕೊಡುವುದು 112ರ ಆಸುಪಾಸು. ಇಪ್ಪತ್ತೇಳು ಸ್ವಿಫ್ಟ್‌ಗಳು ಒಟ್ಟಿಗೆ ಒಂದೇ ಶಾಫ್ಟನ್ನು ತಿರುಚುತ್ತಿವೆ!

ಅಷ್ಟಾದ ಮೇಲೆ ಆ ಪೆಟ್ಟಿಗೆಯಲ್ಲಿ ಷೆವ್ರೊಲೆಯ ಒಡೆಯ ಕಂಪನಿ ಜನರಲ್ ಮೋಟರ್ಸ್ ಮಾಡಿದ ಮೂಲ ಭಾಗ ಎಷ್ಟು ಉಳಿದಿರಬಹುದು? ಕವಚ ಹೊಸದು, ಶಾಫ್ಟ್ ಹೊಸದು, ಡ್ರಮ್, ಗೇರ್, ವಾಲ್ವ್ ಬಾಡಿ, ಕನ್ವರ್ಟರ್ ಎಲ್ಲವೂ ಹೊಸವು. ಒಂದು ಬೋಲ್ಟೂ ಮೂಲದ್ದಲ್ಲದ ಪವರ್‌ಗ್ಲೈಡ್ ಕಟ್ಟಬಹುದು! ಕಾರ್ಖಾನೆ ಅದನ್ನು ನಿಲ್ಲಿಸಿದ್ದು 1973ರಲ್ಲಿ. ಅರ್ಧ ಶತಮಾನ ಕಳೆದರೂ ಬಿಡಿಭಾಗಗಳ ಹೊಸ ಕ್ಯಾಟಲಾಗ್ ಬರುತ್ತಲೇ ಇದೆ! ಉಳಿದಿರುವುದು ಆ ನಕ್ಷೆ ಮಾತ್ರ. ಒಂದು ಪಟ್ಟಿ, ಒಂದಿಷ್ಟು ಪ್ಲೇಟು, ಒಂದು ಸೂರ್ಯಮಂಡಲ.

ಮೂರು ಗೇರಿನ ಪಕ್ಷದವರು ಸುಮ್ಮನಿಲ್ಲ ಮತ್ತೆ! ಟರ್ಬೊ 400 ಕೂಡ ಸಾಮಾನ್ಯದ್ದಲ್ಲ. 1964ರಲ್ಲಿ ಕ್ಯಾಡಿಲಾಕ್‌ಗೆ ಬಂದ ಆ ಪೆಟ್ಟಿಗೆಯನ್ನು ರೋಲ್ಸ್ ರಾಯ್ಸ್ ಕೊಂಡಿತು, ಜಾಗ್ವಾರ್ ಕೊಂಡಿತು. 1976ರಲ್ಲಿ ಫೆರಾರಿ ಕೂಡ ತನ್ನ 400 ಆಟೊಮ್ಯಾಟಿಕ್ ಕಾರಿಗೆ ಅದನ್ನೇ ಹಾಕಿತು! ಫೆರಾರಿಗೆ ಅಮೆರಿಕದ ಗೇರ್‌ಬಾಕ್ಸ್! ಡ್ರ್ಯಾಗ್ ರೇಸಿಗೆ ಇಳಿಸುವಾಗ ಈಗ ಅದರ ಒಂದನೇ ಗೇರನ್ನು ಏನು ಮಾಡುತ್ತಾರೆ ಗೊತ್ತೆ? 2.48ರಿಂದ 2.10ರಷ್ಟಕ್ಕೆ ತಗ್ಗಿಸುತ್ತಾರೆ. ಅಂದರೆ ಪವರ್‌ಗ್ಲೈಡ್‌ನ ಕಡೆಗೇ ಒಂದು ಹೆಜ್ಜೆ!

ಎರಡು ಸಾಕೇ, ಮೂರು ಬೇಕೇ ಎಂಬ ವಾದ ಗ್ಯಾರೇಜುಗಳಲ್ಲಿ ಇನ್ನೂ ಮುಗಿದಿಲ್ಲ. ನನ್ನ ಮತ ಎರಡಕ್ಕೇ!